ಬ್ರೇಕಿಗೆ ಹೋಗುವ ಪೆಟ್ರೋಲ್

ಪೆಟ್ರೋಲ್ ಉಳಿಸೋದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಆಕ್ಸಿಲರೇಟರ್ ಮಾತು ಮೊದಲು ಎತ್ತುವುದಿಲ್ಲ. ಬ್ರೇಕ್ ಎಷ್ಟು ಸಲ ಒತ್ತುತ್ತೀರಿ ಅಂತ ಕೇಳುತ್ತೇನೆ. ತುಂಬಾ ಜನರಿಗೆ ಈ ಪ್ರಶ್ನೆ ವಿಚಿತ್ರ ಅನಿಸುತ್ತದೆ. ಬ್ರೇಕ್ ಒತ್ತಿದರೆ ಪೆಟ್ರೋಲ್ ಯಾಕೆ ಖರ್ಚಾಗಬೇಕು? ಅದು ಆಗಲೇ ಖರ್ಚಾಗಿ ಮುಗಿದಿರುತ್ತದೆ. ಕಾರನ್ನು ಆ ವೇಗಕ್ಕೆ ತರಲು ಸುಟ್ಟ ಪೆಟ್ರೋಲಿನ ಶಕ್ತಿಯನ್ನೇ ಬ್ರೇಕ್ ಡಿಸ್ಕಿನಲ್ಲಿ ಬಿಸಿ ಮಾಡಿ ಗಾಳಿಗೆ ಬಿಡುತ್ತೇವೆ.

ನನ್ನದು ಚಿಕ್ಕ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರು, ಸ್ವಲ್ಪ ಹಳೆಯದೇ. ಜಾಸ್ತಿ ಓಡುವುದು ಊರೊಳಗಿನ ಟ್ರಾಫಿಕ್ಕಿನಲ್ಲಿ, ಆಗಾಗ ಹೆದ್ದಾರಿಯಲ್ಲಿ. ಮೊದಲು ಲೀಟರಿಗೆ 13-14 ಕಿಲೋಮೀಟರ್ ಕೊಡುತ್ತಿತ್ತು. ಈಗ 16-17ರ ಆಸುಪಾಸಿನಲ್ಲಿದೆ. ಕಾರು ಅದೇ, ರಸ್ತೆ ಅದೇ. ಟ್ಯಾಂಕಿಗೆ ಹಾಕುವ ಯಾವ ಔಷಧಿಯನ್ನೂ ನಾನು ಕೊಂಡಿಲ್ಲ. ಬದಲಾಗಿದ್ದು ಬಲಗಾಲು ಒಂದೇ.

ಬ್ರೇಕಿನ ಲೆಕ್ಕವನ್ನು ಒಮ್ಮೆ ಪೇಪರಿನ ಮೇಲೆ ಹಾಕಿ ನೋಡಿ, ಆಮೇಲೆ ಮರೆಯುವುದಿಲ್ಲ. ಜನ ಸೇರಿ 1200 ಕಿಲೋ ಇರುವ ಕಾರು 60ರಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಆ ಓಟದಲ್ಲಿ ಸುಮಾರು 1,67,000 ಜೂಲ್ ಶಕ್ತಿ ಇರುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ 3.2 ಕೋಟಿ ಜೂಲ್ ಇದೆ ನಿಜ, ಆದರೆ ಎಂಜಿನ್ನು ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ರೇಡಿಯೇಟರಿಗೂ ಸೈಲೆನ್ಸರಿಗೂ ಕಳಿಸುತ್ತದೆ. ಚಕ್ರದ ಕಡೆ ಹೋಗುವುದು ಕಾಲು ಭಾಗ ಅಂತ ಹಿಡಿದರೆ, 60ಕ್ಕೆ ಏರಿಸಲು ಸುಮಾರು 20 ಮಿಲಿಲೀಟರ್ ಬೇಕು. ನಾಲ್ಕು ಟೀ ಚಮಚ. 60ರಿಂದ ಬ್ರೇಕ್ ಹಾಕಿ ಪೂರ್ತಿ ನಿಲ್ಲಿಸಿದಾಗೆಲ್ಲ ಅಷ್ಟು ಪೆಟ್ರೋಲ್ ಚೆಲ್ಲಿದ ಹಾಗೆ. ಇಂಥ 50 ಬ್ರೇಕಿಗೆ ಒಂದು ಲೀಟರ್ ಮುಗಿಯಿತು.

ಈ ಲೆಕ್ಕದಲ್ಲಿ ಇನ್ನೂ ಒಂದು ವಿಷಯ ಇದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 40ರಿಂದ ನಿಲ್ಲಿಸಿದರೆ ಹೋಗುವುದು 9 ಮಿಲಿಲೀಟರ್ ಮಾತ್ರ, 60ರದ್ದರ ಅರ್ಧಕ್ಕೂ ಕಡಿಮೆ. ಎರಡು ಸಿಗ್ನಲ್‌ಗಳ ನಡುವೆ 60ಕ್ಕೆ ಏರಿಸಿ ಕಿರ್ ಅಂತ ನಿಲ್ಲಿಸುವವನೂ, 40ರಲ್ಲೇ ಹೋಗುವ ನಾನೂ ಹೆಚ್ಚಾಗಿ ಅದೇ ಕೆಂಪು ದೀಪದ ಕೆಳಗೆ ಅಕ್ಕಪಕ್ಕ ನಿಂತಿರುತ್ತೇವೆ. ಅವನು ಸ್ವಲ್ಪ ಮೊದಲು ಬಂದಿರುತ್ತಾನೆ, ಅಷ್ಟೇ.

ಮೊದಲು ಅಳೆಯುವ ಕೆಲಸ ಮಾಡಿ. ಅಳತೆ ಇಲ್ಲದಿದ್ದರೆ ಇದೆಲ್ಲ ಸುಮ್ನೆ ನಂಬಿಕೆ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಎಷ್ಟೋ ಕಾರುಗಳಲ್ಲಿ ಅದು ಸ್ವಲ್ಪ ಹೊಗಳಿಯೇ ಹೇಳುತ್ತದೆ. ಟ್ಯಾಂಕ್ ಫುಲ್ ಮಾಡಿಸಿ, ಗನ್ನು ಮೊದಲ ಸಲ ಟಕ್ ಅಂತ ಕಟ್ ಆದ ಕೂಡಲೇ ಸಾಕು ಅನ್ನಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕಾಲು ಟ್ಯಾಂಕ್ ಉಳಿಯುವವರೆಗೆ ಓಡಿಸಿ, ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಗನ್ನಿನಲ್ಲಿ, ಮತ್ತೆ ಮೊದಲ ಟಕ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಟ್ಯಾಂಕಿನ ಲೆಕ್ಕ ಮೋಸ ಮಾಡಬಹುದು, ಮೂರು ನಾಲ್ಕು ಟ್ಯಾಂಕಿನ ಸರಾಸರಿ ಅಷ್ಟಾಗಿ ಮಾಡುವುದಿಲ್ಲ. ಟಕ್ ಅಂದ ಮೇಲೂ ರೌಂಡ್ ಫಿಗರ್‌ಗೆ ಅಂತ ಇನ್ನಷ್ಟು ತುಂಬಿಸಿದರೆ ಲೆಕ್ಕ ಕೆಡುವುದಲ್ಲದೆ, ಪೆಟ್ರೋಲ್ ಆವಿ ಹಿಡಿಯುವ ಡಬ್ಬಿಗೆ ದ್ರವ ಪೆಟ್ರೋಲ್ ನುಗ್ಗುವ ಅಪಾಯವೂ ಇದೆ.

ಈಗ ಬ್ರೇಕ್ ಕಡಿಮೆ ಮಾಡುವುದು ಹೇಗೆ ಅನ್ನೋದಕ್ಕೆ ಬರೋಣ. ಸುರಕ್ಷತೆಗೆ ಬೇಕಾದ ಬ್ರೇಕನ್ನು ಯಾರೂ ಲೆಕ್ಕ ಹಾಕಬಾರದು. ಒತ್ತಬೇಕಾದಲ್ಲಿ ಒತ್ತಲೇಬೇಕು. ನಾನು ಹೇಳುವುದು ಬೇಕಿಲ್ಲದ ಬ್ರೇಕಿನ ಬಗ್ಗೆ. ಅದರ ಮೂಲ ಕಾಲಲ್ಲಿಲ್ಲ, ಕಣ್ಣಲ್ಲಿದೆ. ಮುಂದಿನ ಕಾರಿನ ಬಂಪರ್ ನೋಡುತ್ತಾ ಓಡಿಸಿದರೆ ಅವನು ಬ್ರೇಕ್ ಒತ್ತಿದಾಗೆಲ್ಲ ನಾವೂ ಒತ್ತಬೇಕಾಗುತ್ತದೆ. ನಾನು ಅವನ ಗಾಜಿನ ಮೂಲಕ, ಪಕ್ಕದಿಂದ, ಅವನಾಚೆಯ ಮೂರು ನಾಲ್ಕು ಗಾಡಿಗಳನ್ನು ನೋಡುತ್ತೇನೆ. ದೂರದಲ್ಲಿ ಕೆಂಪು ದೀಪಗಳು ಹತ್ತಿಕೊಂಡವು ಅಂದರೆ ಆಗಲೇ ಕಾಲು ಎತ್ತುತ್ತೇನೆ. ಮುಂದೆ ಒಂದಿಷ್ಟು ಜಾಗ ಬಿಟ್ಟಿದ್ದರೆ ಅವನು ಸಣ್ಣಪುಟ್ಟದಕ್ಕೆ ಬ್ರೇಕ್ ಒತ್ತಿದರೂ ನಮಗೆ ಕಾಲು ಎತ್ತಿದರೇ ಸಾಕಾಗುತ್ತದೆ. ಆ ಜಾಗಕ್ಕೆ ಯಾರೋ ಬಂದು ನುಗ್ಗುತ್ತಾರೆ, ಹೌದು. ನುಗ್ಗಲಿ ಬಿಡಿ. ಮತ್ತೆ ಸ್ವಲ್ಪ ಹಿಂದೆ ಸರಿದರಾಯಿತು.

ಕಾಲು ಎತ್ತಿದಾಗ ಎಂಜಿನ್ನಿನಲ್ಲಿ ಏನಾಗುತ್ತದೆ ಅನ್ನೋದು ಗೊತ್ತಿದ್ದರೆ ಇದರಲ್ಲಿ ಮಜಾ ಬರುತ್ತದೆ. ನನ್ನ ಕಾರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಒಂದು ಪಟ್ಟಿ ಇದೆ. ನಾಲ್ಕನೇ ಗೇರಿನಲ್ಲಿ 50ರಲ್ಲಿ ಹೋಗುವಾಗ ಆ ಪಟ್ಟಿ ಅತ್ತಿತ್ತ ಆಡುತ್ತಿರುತ್ತದೆ. ಕಾಲು ಪೂರ್ತಿ ಎತ್ತಿದ ಕೂಡಲೇ ಅದು ಕೊನೆಯವರೆಗೂ ಓಡಿಹೋಗಿ ಅಲ್ಲೇ ನಿಲ್ಲುತ್ತದೆ. ಇಂಜೆಕ್ಟರುಗಳು ಪೆಟ್ರೋಲ್ ಚಿಮ್ಮಿಸುವುದನ್ನೇ ನಿಲ್ಲಿಸಿವೆ ಅಂತ ಅರ್ಥ. ಗಾಡಿಯ ಓಟವೇ ಚಕ್ರದ ಮೂಲಕ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ, ಹೊಸದಾಗಿ ಪೆಟ್ರೋಲ್ ಬೇಕಾಗಿಲ್ಲ. ಆರ್‌ಪಿಎಂ, ಅಂದರೆ ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋದು, ಐಡಲ್ (ಕಾರು ನಿಂತು ಎಂಜಿನ್ನು ಮಾತ್ರ ಓಡುವಾಗಿನ ವೇಗ) ಹತ್ತಿರಕ್ಕೆ ಇಳಿದಾಗ ಪಟ್ಟಿ ತಟ್ಟನೆ ಹಿಂದೆ ಬರುತ್ತದೆ. ಎಂಜಿನ್ನು ಆಫ್ ಆಗದಿರಲಿ ಅಂತ ಇಂಜೆಕ್ಟರು ಮತ್ತೆ ಕೆಲಸ ಶುರು ಮಾಡಿತು ಅಂತ ಗೊತ್ತಾಗುತ್ತದೆ. ಗೇರಿನಲ್ಲೇ ಇರಬೇಕು, ಕ್ಲಚ್ ಒತ್ತಿರಬಾರದು. ಕೆಂಪು ಸಿಗ್ನಲ್ ದೂರದಲ್ಲೇ ಕಂಡಾಗ ಕಾಲು ಎತ್ತಿ, ಗೇರಿನಲ್ಲೇ ಉರುಳಿಕೊಂಡು ಹೋಗುವ ಆ 100-150 ಮೀಟರ್ ಪೂರ್ತಿ ಪುಕ್ಕಟೆ. ಅಷ್ಟರಲ್ಲಿ ಹಸಿರು ಬಂದರೆ ಇನ್ನೂ ಲಾಭ, ಸೊನ್ನೆಯಿಂದ ಏರಿಸುವ ಬದಲು 25-30ರಿಂದ ಏರಿಸಿದರಾಯಿತು.

ಇಲ್ಲೇ ನ್ಯೂಟ್ರಲ್ ವಿಚಾರ ಬರುತ್ತದೆ. ಇಳಿಜಾರು ಸಿಕ್ಕರೆ ನ್ಯೂಟ್ರಲ್ ಮಾಡು ಅಂತ ಹಿರಿಯ ಡ್ರೈವರುಗಳು ಹೇಳುವುದುಂಟು. ಇಂಜೆಕ್ಟರ್ ಬರುವ ಮೊದಲಿನ ಕಾರ್ಬುರೇಟರ್ ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ಗೇರಿನಲ್ಲಿ ಎಂಜಿನ್ನು ಜೋರಾಗಿ ತಿರುಗಿದಷ್ಟೂ ಅದು ಪೆಟ್ರೋಲ್ ಎಳೆಯುತ್ತಲೇ ಇತ್ತು. ಇಂಜೆಕ್ಷನ್ ಕಾರಿನಲ್ಲಿ ಗೇರಿನಲ್ಲಿ ಇಳಿದರೆ ಖರ್ಚು ಸೊನ್ನೆ, ನ್ಯೂಟ್ರಲ್ ಮಾಡಿದರೆ ಐಡಲ್ ಖರ್ಚು ಶುರು. ನ್ಯೂಟ್ರಲ್‌ನಲ್ಲಿ ಕಾರು ಜಾಸ್ತಿ ದೂರ ಉರುಳುತ್ತದೆ ಅನ್ನುವುದೂ ಸುಳ್ಳಲ್ಲ. ಆದರೂ ಇಳಿಜಾರಿನಲ್ಲಿ ಅದು ಬೇಡವೇ ಬೇಡ. ಎಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಘಾಟಿಯಲ್ಲಿ ಬ್ರೇಕ್ ಬಿಸಿಯಾಗಿ ಹಿಡಿಯದೇ ಹೋಗುವುದು ಹೀಗೆಯೇ. ಉರುಳುವಾಗ ಕೀ ಆಫ್ ಮಾಡುವವರಿಗೆ ಏನು ಹೇಳುವುದೋ ಗೊತ್ತಿಲ್ಲ. ಪವರ್ ಸ್ಟೀರಿಂಗ್ ಹೋಗುತ್ತದೆ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನ ಹಾಗಾಗುತ್ತದೆ. ಉಳಿಯುವ ಪೆಟ್ರೋಲ್ ಕೆಲವೇ ಹನಿ.

ಗೇರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೈಲೇಜ್ ಬೇಕು ಅಂತ ಆಮೆಯ ಹಾಗೆ ಹೊರಡಬೇಕಿಲ್ಲ. ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಥ್ರಾಟಲ್ ಅನ್ನುವ ಒಂದು ಬಾಗಿಲಿದೆ. ಕಾಲು ಅರೆಬರೆ ಇಟ್ಟಾಗ ಆ ಬಾಗಿಲು ಬಹುಪಾಲು ಮುಚ್ಚಿರುತ್ತದೆ, ಎಂಜಿನ್ನು ಗಾಳಿಯನ್ನು ಎಳೆದುಕೊಳ್ಳಲು ಒದ್ದಾಡುತ್ತದೆ. ಆ ಒದ್ದಾಟಕ್ಕೂ ಪೆಟ್ರೋಲ್ ಬೇಕು. ಕಡಿಮೆ ಆರ್‌ಪಿಎಂ, ಬಾಗಿಲು ಸಾಕಷ್ಟು ತೆರೆದಿರುವುದು, ಇದು ಎಂಜಿನ್ನಿಗೆ ಹಿತ. ಅದಕ್ಕೇ ನಾನು ಮೊದಲ ಗೇರಿನಲ್ಲಿ ಕಾರು ಹೊರಟಿತು ಅಂದ ಕೂಡಲೇ ಎರಡಕ್ಕೆ ಹಾಕಿ, ಅಲ್ಲಿಂದ ಮುಂದೆ ಆರ್‌ಪಿಎಂ ಮುಳ್ಳು 2000-2500 ಮುಟ್ಟುವಾಗ ಒಂದೊಂದೇ ಗೇರ್ ಏರಿಸುತ್ತೇನೆ. ಕಾಲನ್ನು ಮೆಲ್ಲಗೆ ಆದರೆ ಧೈರ್ಯವಾಗಿ ಒತ್ತುತ್ತೇನೆ. ಬೇಗ ಮೇಲಿನ ಗೇರಿಗೆ ಹೋಗಿ ಅಲ್ಲಿ ಸಮವೇಗದಲ್ಲಿ ಹೋಗಬೇಕು. ಗೇರ್ ಜಾಸ್ತಿಯಾದರೆ ಕಾರೇ ಹೇಳುತ್ತದೆ. ಗೇರ್ ಲಿವರ್ ನಡುಗುತ್ತದೆ, ಎಂಜಿನ್ನು ಗುಡುಗುಡು ಅನ್ನುತ್ತದೆ. ಆಗ ಹಟ ಮಾಡದೆ ಒಂದು ಗೇರ್ ಇಳಿಸಬೇಕು. ಏರಿನಲ್ಲಂತೂ ಇಳಿಸಲೇಬೇಕು.

ಆಟೋಮ್ಯಾಟಿಕ್ ಕಾರಿನವರು ಇದನ್ನೂ ಕಾಲಿನಿಂದಲೇ ಮಾಡಬಹುದು. ವೇಗ ಹಿಡಿದ ಮೇಲೆ ಕಾಲನ್ನು ಸ್ವಲ್ಪ ಸಡಿಲ ಬಿಟ್ಟರೆ ಕಾರು ತಾನಾಗಿಯೇ ಮೇಲಿನ ಗೇರಿಗೆ ಹೋಗುತ್ತದೆ.

ಹೆದ್ದಾರಿಯ ಲೆಕ್ಕ ಬೇರೆ. ಅಲ್ಲಿ ಬ್ರೇಕ್ ಅಪರೂಪ, ಪೆಟ್ರೋಲ್ ತಿನ್ನುವುದು ಗಾಳಿ. ವೇಗ 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಸ್ವಲ್ಪ ಜಾಸ್ತಿಯಾಗುತ್ತದೆ. 80ರಿಂದ 120ಕ್ಕೆ ಹೋದರೆ ಎರಡೂಕಾಲು ಪಟ್ಟು. ನಾನು 80-90ರಲ್ಲಿ ಎಡಗಡೆ ಲೇನಿನಲ್ಲಿ ಹೋಗುವವನು. 100 ಕಿಲೋಮೀಟರ್ ದಾರಿಯನ್ನು 100ರ ಬದಲು 85ರಲ್ಲಿ ಹೋದರೆ ತಡವಾಗುವುದು ಹತ್ತು ನಿಮಿಷ ಚಿಲ್ಲರೆ. ಅವಸರ ಇದ್ದ ದಿನ ಆ ಹತ್ತು ನಿಮಿಷವನ್ನು ಪೆಟ್ರೋಲ್ ಕೊಟ್ಟು ಕೊಂಡುಕೊಳ್ಳುತ್ತೇನೆ. ಏರು ಬಂದಾಗ ವೇಗ ಐದು ಹತ್ತು ಇಳಿದರೆ ಇಳಿಯಲಿ ಅಂತ ಬಿಡುತ್ತೇನೆ, ಆಚೆ ಇಳಿಜಾರಿನಲ್ಲಿ ತಾನಾಗಿಯೇ ವಾಪಸ್ ಬರುತ್ತದೆ. ವೇಗವನ್ನು ತಾನೇ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್‌ಗೆ ಈ ಬುದ್ಧಿ ಇಲ್ಲ. ಸಮತಟ್ಟು ರಸ್ತೆಯಲ್ಲಿ ಒಳ್ಳೆಯದು, ಏರಿಳಿತ ಇರುವಲ್ಲಿ ನಾನು ಆಫ್ ಮಾಡುತ್ತೇನೆ. ದೊಡ್ಡ ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ತಡೆ ಕಡಿಮೆ ಆಗುತ್ತದೆ ಅನ್ನೋದು ನಿಜವೇ. ಆದರೆ ಲಾಭ ಸಿಗುವಷ್ಟು ಹತ್ತಿರ ಹೋದರೆ ಅವನು ಬ್ರೇಕ್ ಒತ್ತಿದ ದಿನ ನಾವು ಲಾರಿಯ ಅಡಿಯಲ್ಲಿ ಇರುತ್ತೇವೆ.

ನಿಂತಲ್ಲೇ ಉರಿಯುವ ಪೆಟ್ರೋಲೂ ಸಣ್ಣದಲ್ಲ. ಚಿಕ್ಕ ಎಂಜಿನ್ನು ಐಡಲ್‌ನಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ, ಎಸಿ ಇದ್ದರೆ ಇನ್ನೂ ಜಾಸ್ತಿ. ನಿಮಿಷಕ್ಕೆ ಸುಮಾರು ಹತ್ತು ಮಿಲಿಲೀಟರ್ ಅಂತ ಇಟ್ಟುಕೊಂಡರೆ, ಎರಡು ನಿಮಿಷ ನಿಂತಿದ್ದಕ್ಕೂ 60ರಿಂದ ಒಂದು ಬ್ರೇಕ್ ಹಾಕಿದ್ದಕ್ಕೂ ಹೆಚ್ಚು ಕಡಿಮೆ ಒಂದೇ ಖರ್ಚು. ಇಂಜೆಕ್ಷನ್ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹತ್ತು ಸೆಕೆಂಡ್ ಐಡಲ್‌ನಷ್ಟು ಪೆಟ್ರೋಲ್ ಸಾಕು. ಆದರೂ ಪ್ರತಿ ಹತ್ತು ಸೆಕೆಂಡಿಗೂ ಆಫ್ ಮಾಡುತ್ತಾ ಕೂತರೆ ಬ್ಯಾಟರಿಗೂ ಸ್ಟಾರ್ಟರಿಗೂ ಕಷ್ಟ. ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದು ಖಚಿತ ಅಂದರೆ ಆಫ್, ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಕಾರು ಬಿಸಿ ಮಾಡುವ ಅಭ್ಯಾಸವೂ ಬೇಕಿಲ್ಲ. ಸ್ಟಾರ್ಟ್ ಮಾಡಿ, ಬೆಲ್ಟ್ ಹಾಕಿಕೊಂಡು, ಮೊದಲ ಒಂದೆರಡು ಕಿಲೋಮೀಟರ್ ನಿಧಾನ ಹೋದರೆ ನಿಂತು ಬಿಸಿ ಮಾಡಿದ್ದಕ್ಕಿಂತ ಬೇಗ ಬಿಸಿಯಾಗುತ್ತದೆ.

ತಣ್ಣಗಿರುವ ಎಂಜಿನ್ನು ಪೆಟ್ರೋಲ್ ಜಾಸ್ತಿ ಕೇಳುತ್ತದೆ, ಎಣ್ಣೆಯೂ ಗಟ್ಟಿಯಾಗಿರುತ್ತದೆ. ಹಾಗಾಗಿ ಒಂದೊಂದು ಕಿಲೋಮೀಟರಿನ ನಾಲ್ಕು ಸಣ್ಣ ಓಡಾಟಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುತ್ತೇನೆ. ಮೊದಲು ದೂರದ ಕೆಲಸ, ಬರುವಾಗ ಹತ್ತಿರದ್ದು. ಅಷ್ಟೊತ್ತಿಗೆ ಎಂಜಿನ್ನು ಬಿಸಿಯಾಗಿರುತ್ತದೆ.

ಎಸಿಯ ವಿಷಯದಲ್ಲಿ ಜಗಳ ಬೇಡ. ಊರೊಳಗೆ ನಿಧಾನ ಹೋಗುವಾಗ ಕಿಟಕಿ ಇಳಿಸಿ, ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿ. ಬಿಸಿಲಲ್ಲಿ ನಿಂತ ಕಾರಿನ ಬಾಗಿಲನ್ನು ಮೊದಲು ತೆರೆದಿಟ್ಟು ಬಿಸಿ ಗಾಳಿ ಹೊರಗೆ ಹೋಗಲು ಬಿಟ್ಟರೆ ಎಸಿಯ ಅರ್ಧ ಕಷ್ಟ ಕಡಿಮೆ.

ಟೈರಿನ ಗಾಳಿಯನ್ನು ಮಾತ್ರ ನಾನು ಬಿಡುವುದೇ ಇಲ್ಲ. ಟೈರ್ ತಣ್ಣಗಿರುವಾಗ ನೋಡಬೇಕು. ಎಷ್ಟು ಬೇಕು ಅನ್ನೋದು ಡ್ರೈವರ್ ಬಾಗಿಲಿನ ಕಂಬದ ಮೇಲೆ ಅಥವಾ ಪೆಟ್ರೋಲ್ ಮುಚ್ಚಳದ ಒಳಗೆ ಸ್ಟಿಕರ್‌ನಲ್ಲಿ ಇರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಅದು ತಡೆಯುವ ಗರಿಷ್ಠ ಒತ್ತಡ, ಅಷ್ಟು ತುಂಬಿಸಲು ಹೇಳಿದ್ದಲ್ಲ. ಮೇಲಿನ ಕ್ಯಾರಿಯರ್ ಬಳಸದಿದ್ದರೆ ಬಿಚ್ಚಿಡಿ, ಡಿಕ್ಕಿಯ ಹಳೇ ಸಾಮಾನು ಇಳಿಸಿ. ಆಕ್ಟೇನ್ ಜಾಸ್ತಿಯ ದುಬಾರಿ ಪೆಟ್ರೋಲನ್ನು ಕಾರಿನ ಪುಸ್ತಕ ಕೇಳದಿದ್ದರೆ ನಾನು ಹಾಕುವುದಿಲ್ಲ. ಮೈಲೇಜಿನ ಆಸೆಗೆ ಹೊಸ ಏರ್ ಫಿಲ್ಟರ್ ಹಾಕುವುದರಿಂದಲೂ ಇಂಜೆಕ್ಷನ್ ಕಾರಿನಲ್ಲಿ ಹೇಳಿಕೊಳ್ಳುವಂಥ ಲಾಭ ಇಲ್ಲ. ಕಟ್ಟಿಕೊಂಡರೆ ಪಿಕಪ್ ಕಡಿಮೆಯಾಗುತ್ತದೆ, ಅದಕ್ಕಾಗಿ ಬದಲಿಸಿ.

ಓಡಿಸುವ ರೀತಿ ಅದೇ ಇದ್ದು ಮೈಲೇಜ್ ಇದ್ದಕ್ಕಿದ್ದಂತೆ ಬಿದ್ದರೆ ಕಾರಿನ ಕಡೆ ನೋಡಬೇಕು. ನಾನು ಮೊದಲು ನೋಡುವುದು ಚಕ್ರ. ಬ್ರೇಕ್ ಹೆಚ್ಚು ಬಳಸದೆ ಒಂದು ಸುತ್ತು ಹೋಗಿ ಬಂದು, ಒಂದೊಂದು ಚಕ್ರದ ಹತ್ತಿರವೂ ಅಂಗೈ ಹಿಡಿಯುತ್ತೇನೆ. ಮುಟ್ಟುವುದಿಲ್ಲ, ಸುಡಬಹುದು. ಎಡ ಬಲ ಎರಡೂ ಒಂದೇ ಥರ ಬೆಚ್ಚಗಿರಬೇಕು. ಒಂದು ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ, ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇದೆ. ಹ್ಯಾಂಡ್‌ಬ್ರೇಕ್ ಅರ್ಧ ಉಳಿದಿದ್ದರೂ ಹಿಂದಿನ ಚಕ್ರಗಳಲ್ಲಿ ಹೀಗೇ ಆಗುತ್ತದೆ. ಇದನ್ನು ಮೆಕ್ಯಾನಿಕ್‌ಗೆ ತೋರಿಸುವುದನ್ನು ಮುಂದೂಡಬೇಡಿ, ಪೆಟ್ರೋಲಿನ ಜೊತೆಗೆ ಬ್ರೇಕೂ ಹಾಳಾಗುತ್ತಿರುತ್ತದೆ.