ಮುಂದಾಳುಗಳನ್ನು ಮೊದಲು ಒಪ್ಪಿಸಿದೆವು: ಕೋವಿಡ್ ಕಾಲದ ಪಂಚಾಯತಿ ಕೆಲಸ, ನನ್ನ ಅನುಭವ

ಕೋವಿಡ್‌ನ ಮೊದಲ ಎರಡು ಅಲೆಗಳ ಕಾಲದಲ್ಲಿ ನಾನು ರಾಯಚೂರು ಜಿಲ್ಲೆಯ ಮಸ್ಕಿ ಭಾಗದ ಒಂದು ಗ್ರಾಮ ಪಂಚಾಯತಿಯಲ್ಲಿ ಅಭಿವೃದ್ಧಿ ಅಧಿಕಾರಿಯಾಗಿದ್ದೆ. ಬೆಂಗಳೂರಿನಲ್ಲಿ ಹೊರಟ ಆದೇಶ ಜಿಲ್ಲೆ, ತಾಲ್ಲೂಕು ದಾಟಿ ಕೊನೆಗೆ ಬಂದು ನಿಲ್ಲುತ್ತಿದ್ದುದು ನಮ್ಮ ಕಚೇರಿಯಲ್ಲಿ. ಅದನ್ನು ಡಂಗುರ ಸಾರಿಸಿ, ಕಸದ ಗಾಡಿಯ ಮೈಕಿನಲ್ಲಿ ಕೂಗಿಸಿ, ಓಣಿ ಓಣಿಗೆ ಮುಟ್ಟಿಸಿ, ಜನ ಅದರಂತೆ ನಡೆಯುವ ಹಾಗೆ ನೋಡಿಕೊಳ್ಳುವುದು ನಮ್ಮ ಹೊಣೆಯಾಗಿತ್ತು. ಜನರಿಗೆ ಆದೇಶದ ಒಕ್ಕಣೆಗಿಂತ ಮುಖ್ಯವಾಗಿದ್ದುದು ಅದನ್ನು ಹೊರಡಿಸಿದವರು ಮತ್ತು ಸಾರುವವರು ತಾವೇ ಅದನ್ನು ಪಾಲಿಸುತ್ತಾರೆಯೇ ಎಂಬುದು ಎಂದು ಈ ಕೆಲಸದಲ್ಲಿ ನನಗೆ ಖಚಿತವಾಯಿತು. ಊರಿನ ಮುಂದಾಳುಗಳನ್ನು ಒಪ್ಪಿಸದೆ ಊರನ್ನು ಒಪ್ಪಿಸಲು ಹೊರಟರೆ ಶ್ರಮ ವ್ಯರ್ಥ. ನಮ್ಮ ಪಂಚಾಯತಿಯಲ್ಲಿ ಇದನ್ನು ಹೇಗೆ ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮ ಪಕ್ಕದ ಕಲಬುರಗಿಯಲ್ಲಿ. ಆ ಸುದ್ದಿ ಬಂದಾಗ ಊರಲ್ಲಿ ಅಂಜಿಕೆ ಹುಟ್ಟಿತ್ತಾದರೂ ಸಂತೆ ನಿಂತಿರಲಿಲ್ಲ. ಮಾರ್ಚ್ 24ರ ರಾತ್ರಿ ಪ್ರಧಾನಿ ಟಿ.ವಿ.ಯಲ್ಲಿ 21 ದಿನಗಳ ಲಾಕ್‌ಡೌನ್ ಘೋಷಿಸಿದ ಮರುದಿನ ಮಾತ್ರ ಬಸ್ ನಿಲ್ದಾಣದಲ್ಲಿ ಒಂದು ನರಪಿಳ್ಳೆಯೂ ಕಾಣಲಿಲ್ಲ. ಒಬ್ಬ ನಾಯಕನ ಒಂದು ಮಾತಿಗೆ ಇಷ್ಟು ಶಕ್ತಿ ಇರುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆದರೆ ಆ ಮಾತು ಹುಟ್ಟಿಸಿದ ಭಯಕ್ಕೆ ಊರೊಳಗೆ ಯಾರೂ ದಾರಿ ತೋರಿಸದೆ ಹೋದಾಗ ಅದು ನಮ್ಮವರ ಮೇಲೆಯೇ ತಿರುಗಿತು. ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗಿದ್ದ ಕುಟುಂಬಗಳು ಸಿಕ್ಕ ಗಾಡಿ ಹತ್ತಿ, ಇಲ್ಲವೇ ನಡೆದುಕೊಂಡು ಹಿಂದಿರುಗಿದಾಗ, ಊರಿನ ದಾರಿಗೆ ಜಾಲಿಮುಳ್ಳು ಹಚ್ಚಿ ಕುಳಿತವರಿದ್ದರು. ಮುಳ್ಳು ಕಿತ್ತಿಸಲು ನಾನು ಪೊಲೀಸರನ್ನು ಕರೆಯಲಿಲ್ಲ. ಊರಲ್ಲಿ ಮಾತಿಗೆ ತೂಕವಿದ್ದ ಒಬ್ಬ ಹಿರಿಯ ಸದಸ್ಯರನ್ನು ಕರೆದುಕೊಂಡು ಹೋದೆ. ಅವರು ಮುಳ್ಳಿನ ಆಚೆ ನಿಂತಿದ್ದವರನ್ನು ಹೆಸರು ಹಿಡಿದು ಮಾತಾಡಿಸಿ, ಶಾಲೆಯಲ್ಲಿ ಅವರನ್ನು ಇರಿಸುವ ವ್ಯವಸ್ಥೆಗೆ ತಾವೇ ನಿಂತರು. ಮೊದಲ ದಿನದ ರೊಟ್ಟಿ, ಪಲ್ಯ ಅವರ ಮನೆಯಿಂದಲೇ ಬಂತು. ಮರುದಿನದಿಂದ ಬೇರೆ ಮನೆಗಳಿಂದಲೂ ಬುತ್ತಿ ಬರತೊಡಗಿತು.

ಏಪ್ರಿಲ್ 14ರಂದು ಲಾಕ್‌ಡೌನ್ ಮುಂದುವರಿಸುವ ಭಾಷಣಕ್ಕೆ ಪ್ರಧಾನಿ ಕೊರಳವಸ್ತ್ರವನ್ನೇ ಮುಖಕ್ಕೆ ಸುತ್ತಿಕೊಂಡು ಬಂದಿದ್ದರು. ಅಲ್ಲಿಯವರೆಗೆ ಮಾಸ್ಕ್ ಎಂದರೆ ಔಷಧಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ವಸ್ತು ಎಂದು ನಮ್ಮ ರೈತರು ತಿಳಿದಿದ್ದರು. ಆ ಚಿತ್ರ ನೋಡಿದ ಮೇಲೆ ಹೆಗಲ ಮೇಲಿನ ಟವೆಲ್ ಸಾಕೆಂಬ ಧೈರ್ಯ ಬಂತು. ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸಕ್ಕೆ ಬಂದ ಗಂಡಸರು ಟವೆಲ್ ಕಟ್ಟಿಕೊಂಡರೆ ಹೆಂಗಸರು ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡರು. ದಿನಕ್ಕೆ 275 ರೂಪಾಯಿ ಕೂಲಿ ಆಗ ಅವರಿಗೆ ಜೀವಾಧಾರವಾಗಿತ್ತು. ಆದ್ದರಿಂದ ಕೆಲಸ ನಿಲ್ಲಿಸದೆ ತಂಡಗಳನ್ನು ಕೆರೆಯ ಅಂಗಳದಲ್ಲಿ ದೂರ ದೂರ ಹಂಚಿದೆವು.

2020ರ ಮಧ್ಯಭಾಗದಲ್ಲಿ ಪಂಚಾಯತಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಗಳ ನೇಮಕವಾಯಿತು. ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ರಂದು. ಆ ನಡುವಿನ ತಿಂಗಳುಗಳಷ್ಟು ಕಷ್ಟದ ಕಾಲವನ್ನು ನನ್ನ ಸೇವೆಯಲ್ಲಿ ನಾನು ಕಂಡಿಲ್ಲ. ಪಾಸಿಟಿವ್ ಬಂದವರ ಮನೆಯನ್ನು ಸೀಲ್‌ಡೌನ್ ಮಾಡಲು ಹೋದರೆ, ‘ನೀವು ಯಾರ‍್ರೀ ಹೇಳಾಕ’ ಎಂದು ಕೇಳುವವರಿದ್ದರು. ಓಣಿಯ ಪರವಾಗಿ ಮುಂದೆ ಬಂದು ಮಾತಾಡುವ ಸದಸ್ಯರೇ ಇರಲಿಲ್ಲ. ಆಶಾ ಕಾರ್ಯಕರ್ತೆಯರು ಆ ಬೈಗುಳಗಳನ್ನೆಲ್ಲ ಒಬ್ಬೊಬ್ಬರೇ ಹೊತ್ತರು. ಆ ವರ್ಷದ ಮೊಹರಂನಲ್ಲಿ ಮೆರವಣಿಗೆ ಬೇಡವೆಂಬ ಆದೇಶವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದೆವು, ಆದರೂ ಮೊಹರಂ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಜನ ಸೇರಿದರು. ಸೆಪ್ಟೆಂಬರ್ ಕೊನೆಯಲ್ಲಿ ಮಾಸ್ಕ್ ಹಾಕದವರಿಗೆ ಹಳ್ಳಿಗಳಲ್ಲಿ 500, ನಗರಗಳಲ್ಲಿ 1000 ರೂಪಾಯಿ ದಂಡವೆಂದು ಸರ್ಕಾರ ಹೇಳಿತು. ವಿರೋಧ ಬಂದ ಮೇಲೆ, ಒಂದೇ ವಾರದಲ್ಲಿ, ಅದನ್ನು 100 ಮತ್ತು 250ಕ್ಕೆ ಇಳಿಸಿತು. ದಂಡ ಇಳಿಸಿದ್ದು ಬಡವರ ಪಾಲಿಗೆ ನ್ಯಾಯವೇ ಆಗಿತ್ತು. ಆದರೆ ರಸೀದಿ ಪುಸ್ತಕ ಹಿಡಿದು ಸಂತೆಯಲ್ಲಿ ನಿಂತ ನಮ್ಮ ಕರ ವಸೂಲಿಗಾರನಿಗೆ, ಹೋದ ವಾರ ಐನೂರು, ಈ ವಾರ ನೂರು, ಮುಂದಿನ ವಾರ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಸಾಧ್ಯವಾಗಲಿಲ್ಲ. ಆಗ ನಾನು ಒಂದು ಕ್ರಮ ಮಾಡಿದೆ. ಸಂತೆಯ ದಿನ ಮೊದಲು ನಮ್ಮ ಸಿಬ್ಬಂದಿ, ಆಮೇಲೆ ಅಂಗಡಿ ಮಾಲೀಕರು, ಅಡತಿ ವ್ಯಾಪಾರಿಗಳು, ಊರಿನ ದೊಡ್ಡ ಮನೆಯವರು. ಇವರೆಲ್ಲ ಮೂಗು ಮುಚ್ಚಿಕೊಂಡ ಮೇಲೆಯೇ ಕಾಯಿಪಲ್ಲೆ ಮಾರುವವರನ್ನು ಕೇಳಬೇಕು. ದಂಡ ಹಾಕುವುದಾದರೂ ಅದೇ ಸರದಿಯಲ್ಲಿ.

ಹೊಸ ಸದಸ್ಯರು ಬಂದು ಅಧ್ಯಕ್ಷರ ಆಯ್ಕೆಯಾಗುವ ಹೊತ್ತಿಗೆ ಜಡ್ಡು ಹೋಯಿತೆಂದು ಎಲ್ಲರೂ ನಂಬಿದ್ದರು. ಅಷ್ಟರಲ್ಲಿ ಮಸ್ಕಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆ ಬಂತು. 2021ರ ಏಪ್ರಿಲ್ 17ಕ್ಕೆ ಮತದಾನ. ಎರಡನೇ ಅಲೆ ಏರುತ್ತಿದ್ದ ದಿನಗಳಲ್ಲೇ ಎಲ್ಲ ಪಕ್ಷಗಳ ದೊಡ್ಡ ನಾಯಕರು ಬಂದರು, ಸಭೆಗಳಾದವು, ಟ್ರ್ಯಾಕ್ಟರುಗಳಲ್ಲಿ ಜನ ಹೋದರು. ಮಾಸ್ಕ್ ಇದ್ದವರದೂ ಗದ್ದದ ಮೇಲಿತ್ತು. ಇದರಲ್ಲಿ ಒಂದು ಪಕ್ಷ ಹೆಚ್ಚು, ಇನ್ನೊಂದು ಕಡಿಮೆ ಎಂದು ನಾನು ಹೇಳಲಾರೆ. ಮತದಾನ ಮುಗಿದು ನಾಲ್ಕು ದಿನವೂ ಆಗಿರಲಿಲ್ಲ, ಮದುವೆಗೆ 50 ಜನರಿಗಿಂತ ಹೆಚ್ಚು ಸೇರಬಾರದೆಂಬ ಆದೇಶ ಬಂತು. ಮದುವೆಯ ಹಂಗಾಮಿನಲ್ಲಿ ಅದನ್ನು ತೆಗೆದುಕೊಂಡು ಮನೆ ಮನೆಗೆ ಹೋದಾಗ ಒಬ್ಬ ಹಿರಿಯರು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ಕೇಳಿದರು: ‘ಅಲ್ರೀ ಸಾಹೇಬ್ರ, ನಮ್ಮ ಹುಡುಗನ ಮದಿವಿಗೆ ಐವತ್ತ ಮಂದಿ ಅಂತೀರಿ. ಮೊನ್ನೆ ಮಸ್ಕ್ಯಾಗ ಸಾವಿರಗಟ್ಟಲೆ ಮಂದಿ ಕೂಡಿದ್ರಲ್ಲ, ಆವಾಗ ಈ ಜಡ್ಡು ಎಲ್ಲಿಗಿ ಹೋಗಿತ್ತು?’

ಆ ಸಭೆಗಳನ್ನು ಸಮರ್ಥಿಸಲು ನಾನು ಹೋಗಲಿಲ್ಲ. ‘ಅದೂ ತಪ್ಪೇ ಅದ ಯಜಮಾನ್ರ, ಆ ತಪ್ಪಿಗೆ ನಿಮ್ಮ ಮನಿ ಮಂದಿ ದವಾಖಾನಿಗೆ ಹೋಗೋದು ಬ್ಯಾಡ’ ಎಂದೆ. ಅವರು ಒಪ್ಪಿದರೋ ಇಲ್ಲವೋ, ಬೈಯಲಿಲ್ಲ. ಆಳುವವರ ನಡತೆಯನ್ನು ಬೆಳಗಿನಿಂದ ಸಂಜೆಯವರೆಗೆ ಸಮರ್ಥಿಸುತ್ತ ಕೂತಿದ್ದರೆ ನಮ್ಮ ಮಾತಿಗೂ ಬೆಲೆ ಉಳಿಯುತ್ತಿರಲಿಲ್ಲ. ಅದಾದ ಮೇಲೆ ನಾನು ಹೋಗಿದ್ದು ಅದೇ ತಿಂಗಳು ಮಗಳ ಮದುವೆ ಗೊತ್ತು ಮಾಡಿದ್ದ ನಮ್ಮ ಪಂಚಾಯತಿಯ ಸದಸ್ಯರೊಬ್ಬರ ಮನೆಗೆ. ಗೆದ್ದ ಮೊದಲ ವರ್ಷವಾದ್ದರಿಂದ ಊರೂಟ ಹಾಕಬೇಕೆಂದು ಅವರು ಆಸೆಪಟ್ಟಿದ್ದರು, ಹಾಕದಿದ್ದರೆ ಓಣಿಯವರು ಏನಂದಾರೆಂಬ ಚಿಂತೆಯೂ ಇತ್ತು. ಅಧ್ಯಕ್ಷರು, ಊರಿನ ಗೌಡರು ಇಬ್ಬರೂ ನನ್ನೊಂದಿಗೆ ಬಂದು, ‘ಊಟ ಮುಂದಿನ ವರ್ಷ ಎಲ್ಲಾರೂ ಕೂಡಿ ಹಾಕೋಣು, ನಾವೂ ಈಗ ಬರಂಗಿಲ್ಲ, ಅಕ್ಕಿಕಾಳು ಮನಿಯಿಂದ್ಲೇ ಹಾಕ್ತೀವಿ’ ಎಂದ ಮೇಲೆ ಆ ಮದುವೆ ಮನೆಯ ಅಂಗಳದಲ್ಲೇ ಮುಗಿಯಿತು. ಆ ಹಂಗಾಮಿನಲ್ಲಿ ನಮ್ಮ ಊರಿನ ಉಳಿದ ಮದುವೆಗಳಿಗೆ ಹೋಗಿ ಕೇಳುವಾಗ ನನಗೆ ಹೇಳಲು ಒಂದು ಮನೆಯ ಹೆಸರಿತ್ತು. ಹತ್ತಿರದ ಇನ್ನೊಂದು ಊರಿನಲ್ಲಿ ಪ್ರಭಾವಿ ಮನೆತನದವರು ಪೆಂಡಾಲು ಹಾಕಿಸಿ ಮದುವೆ ಮಾಡಿದರು, ಯಾರೂ ತಡೆಯಲಿಲ್ಲ. ಅಲ್ಲಿನ ನನ್ನ ಸಹೋದ್ಯೋಗಿಗೆ ಆಮೇಲೆ ಒಂದು ಸಣ್ಣ ಸೀಮಂತವನ್ನೂ ನಿಲ್ಲಿಸಲಾಗಲಿಲ್ಲ.

ಇದು ನಮ್ಮ ಸೀಮೆಗೆ ಮಾತ್ರ ಸೇರಿದ ಸಂಗತಿಯಲ್ಲವೆಂದು ಮುಂದೆ ಓದಿನಿಂದ ತಿಳಿಯಿತು. ನಮ್ಮಲ್ಲಿ ಲಾಕ್‌ಡೌನ್ ಘೋಷಣೆಯಾದ 2020ರ ಮಾರ್ಚ್ 24ರಂದೇ ಬ್ರೆಜಿಲ್‌ನ ಅಧ್ಯಕ್ಷ ಜೈರ್ ಬೊಲ್ಸೊನಾರೊ ದೇಶವನ್ನುದ್ದೇಶಿಸಿ ಮಾತಾಡಿ, ತಮಗೆ ಇದು ಬಂದರೂ ಸಣ್ಣ ನೆಗಡಿಯಷ್ಟೇ ಆದೀತು ಎಂಬ ಅರ್ಥದ ಮಾತು ಆಡಿದ್ದರು. ಅಲ್ಲಿನ ಸಂಶೋಧಕರು ಮೊಬೈಲ್ ಫೋನುಗಳ ಚಲನೆಯ ಮಾಹಿತಿಯನ್ನು ಪರಿಶೀಲಿಸಿದಾಗ, ಅವರಿಗೆ ಹೆಚ್ಚು ಮತ ಬಿದ್ದಿದ್ದ ಊರುಗಳಲ್ಲಿ ಆ ಬಳಿಕ ಜನ ಮನೆಯಲ್ಲಿ ಉಳಿಯುವುದು ಕಡಿಮೆಯಾದದ್ದು ಕಂಡಿತು. ಬ್ರಿಟನ್ನಿನಲ್ಲಿ ಪ್ರಧಾನಿಯ ಮುಖ್ಯ ಸಲಹೆಗಾರ ಡಾಮಿನಿಕ್ ಕಮಿಂಗ್ಸ್ ಲಾಕ್‌ಡೌನ್ ನಡುವೆ ಲಂಡನ್ನಿನಿಂದ ಡರ್ಹಮ್‌ಗೆ ಹೋಗಿದ್ದು ಬಯಲಾದ ಮೇಲೆ ಸರ್ಕಾರದ ಮೇಲಿನ ಭರವಸೆ ಕುಸಿದದ್ದನ್ನು ಸಮೀಕ್ಷೆಗಳು ದಾಖಲಿಸಿವೆ. ಕಟ್ಟೆಯ ಮೇಲೆ ಆ ಹಿರಿಯರು ಕೇಳಿದ ಪ್ರಶ್ನೆಯನ್ನೇ ಅಲ್ಲಿನವರೂ ಕೇಳಿದ್ದರು.

ಲಸಿಕೆಯ ವಿಷಯಕ್ಕೆ ಬರುತ್ತೇನೆ, ನಮ್ಮ ಕೆಲಸದ ತಿರುಳು ಅಲ್ಲಿಯೇ ಇದೆ. 2021ರ ಮಾರ್ಚ್ 1ರಂದು ಪ್ರಧಾನಿ ಲಸಿಕೆ ಹಾಕಿಸಿಕೊಂಡ ಚಿತ್ರ ಎಲ್ಲರ ಮೊಬೈಲಿಗೂ ಬಂದಿತ್ತು. ಆದರೂ ಏಪ್ರಿಲ್‌ನಿಂದ 45 ದಾಟಿದ ಎಲ್ಲರಿಗೂ ಅವಕಾಶವಾದಾಗ ನಮ್ಮ ಊರಲ್ಲಿ ಮುಂದೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಸೂಜಿ ಹಾಕಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆಂಬ ಸುಳ್ಳು ಸುದ್ದಿ ಮೇ ತಿಂಗಳಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಅದಕ್ಕಿಂತ ಆಳಕ್ಕೆ ಇಳಿದಿದ್ದ ಸಂಶಯ ಇನ್ನೊಂದಿತ್ತು: ‘ದೊಡ್ಡ ಮಂದಿಗೆ ಹಾಕೋ ಸೂಜಿನೇ ಬ್ಯಾರೆ, ನಮಗ ಹಾಕೋದೇ ಬ್ಯಾರೆ.’ ದೆಹಲಿಯ ಚಿತ್ರ ಈ ಸಂಶಯವನ್ನು ತೆಗೆಯಲಾರದು. ಊರಿನ ದೊಡ್ಡವರಿಗೂ ಕೂಲಿಯವರಿಗೂ ಒಂದೇ ಬಾಟಲಿಯಿಂದ ಹಾಕುವುದನ್ನು ಜನ ಕಣ್ಣಾರೆ ಕಾಣಬೇಕಿತ್ತು. ಆಗ ಹಾಕುತ್ತಿದ್ದ ಕೋವಿಶೀಲ್ಡ್ ಲಸಿಕೆಯ ಒಂದು ಬಾಟಲಿಯಲ್ಲಿ 10 ಡೋಸ್ ಇರುತ್ತಿತ್ತು, ಒಬ್ಬರಿಗೆ ಅರ್ಧ ಎಂ.ಎಲ್., ತೆರೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕಿತ್ತು. ಹೀಗಾಗಿ ಒಂದು ಬಾಟಲಿಗೆ ಬೇಕಾದ ಹತ್ತು ಜನರನ್ನು ಆರಿಸುವುದೇ ನಮ್ಮ ಯೋಜನೆಯಾಯಿತು.

ಆ ಹತ್ತು ಜನರನ್ನು ಕೂಡಿಸಲು ಒಂದು ವಾರ ಹಿಡಿಯಿತು. ಅಧ್ಯಕ್ಷರು ಮತ್ತು ಅವರ ಎದುರು ಬಣದ ಮುಖಂಡರು ಪಂಚಾಯತಿ ಚುನಾವಣೆಯ ನಂತರ ಮಾತು ಬಿಟ್ಟಿದ್ದರು. ಒಬ್ಬರು ಬಂದರೆ ಇನ್ನೊಬ್ಬರು ಬರುವುದಿಲ್ಲ, ಒಬ್ಬರೇ ಬಂದರೆ ಇನ್ನೊಂದು ಬಣದ ಮನೆಗಳೆಲ್ಲ ಹೊರಗುಳಿಯುತ್ತವೆ. ನಾನು ಮುಖಂಡರ ಮನೆಗೆ ಹೋಗಿ, ಇದು ಅಧ್ಯಕ್ಷರ ಕಾರ್ಯಕ್ರಮವಲ್ಲ, ಬ್ಯಾನರ್ ಇರುವುದಿಲ್ಲ, ಭಾಷಣ ಇರುವುದಿಲ್ಲ, ಯಾರ ಫೋಟೋ ಮೊದಲು ಹಾಕಬೇಕೆಂಬ ಪ್ರಶ್ನೆಯೂ ಇರುವುದಿಲ್ಲ ಎಂದು ತಿಳಿಸಿದೆ. ಅವರು ಒಪ್ಪಿದ್ದು ಬಹುಶಃ ಈ ಬ್ಯಾನರಿನ ಮಾತಿಗೇ. ಅವರಿಬ್ಬರೊಂದಿಗೆ ಗುಡಿಯ ಪೂಜಾರಿ, ಮಸೀದಿಯ ಮುತವಲ್ಲಿ, ಕಿರಾಣಿ ಅಂಗಡಿಯವರು, ನ್ಯಾಯಬೆಲೆ ಅಂಗಡಿಯವರು, ದಲಿತರ ಓಣಿಯ ಹಿರಿಯರೊಬ್ಬರು, ಇಬ್ಬರು ಕೂಲಿ ಹೆಣ್ಣುಮಕ್ಕಳು, ಒಬ್ಬ ಕುರಿಗಾಹಿ. ಅಧ್ಯಕ್ಷರ ಯಜಮಾನರು ‘ಮೊದ್ಲ ನಾ ಹಾಕಿಸ್ಕೊಂತೀನಿ, ಆಕಿಗಿ ಆಮ್ಯಾಲ ನೋಡೋಣು’ ಎಂದಾಗ ಅಧ್ಯಕ್ಷರೇ ತಡೆದರು: ‘ಪಂಚಾಯ್ತಿಗಿ ಅಧ್ಯಕ್ಷರು ಯಾರ‍್ರೀ? ನಾನಾ, ನೀವಾ?’ ನನಗೆ ಆ ಮಾತು ಕೇಳಿ ಬಹಳ ಸಂತೋಷವಾಯಿತು.

ಜೂನ್ ಮೊದಲ ಭಾಗದ ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲು, ಅಗಸಿ ಕಟ್ಟೆಯ ಬೇವಿನ ನೆರಳಿನಲ್ಲಿ ಕುರ್ಚಿಗಳನ್ನು ದೂರ ದೂರ ಹಾಕಿಸಿದೆವು. ಮನೆಯ ಮಾಳಿಗೆಗಳಿಂದ, ಬಾಗಿಲುಗಳಿಂದ ಜನ ನೋಡುತ್ತಿದ್ದರು. ಸಿಸ್ಟರ್ ಐಸ್ ಬಾಕ್ಸಿನಿಂದ ಬಾಟಲಿ ತೆಗೆದು, ಮೇಲೆತ್ತಿ ಹಿಡಿದು, ನಾಲ್ಕೂ ಕಡೆ ತಿರುಗಿಸಿ ತೋರಿಸಿದರು. ಮೊದಲು ಅಧ್ಯಕ್ಷರು, ಅವರ ಹಿಂದೆಯೇ ಕುರಿಗಾಹಿ, ಆಮೇಲೆ ಎದುರು ಬಣದ ಮುಖಂಡರು, ಅವರ ಹಿಂದೆ ಕೂಲಿ ಹೆಣ್ಣುಮಗಳು. ಸರದಿಯನ್ನು ಹೀಗೆಯೇ ಹೆಣೆದಿದ್ದೆವು. ಪ್ರತಿ ಸಲವೂ ಹೊಸ ಸಿರಿಂಜ್ ಬಿಚ್ಚಿ, ಅದೇ ಬಾಟಲಿಗೆ ಚುಚ್ಚುವುದನ್ನು ಎಲ್ಲರೂ ನೋಡಿದರು. ಕೊನೆಯವರಿಗೆ ಹಾಕಿದ ಮೇಲೆ ಖಾಲಿ ಬಾಟಲಿಯನ್ನು ಸಿಸ್ಟರ್ ಮತ್ತೆ ಎತ್ತಿ ತೋರಿಸಿದರು. ಅರ್ಧ ಗಂಟೆ ಹತ್ತೂ ಮಂದಿ ಅಲ್ಲಿಯೇ ಕುಳಿತರು.

ಆ ರಾತ್ರಿ ಅಧ್ಯಕ್ಷರಿಗೆ ಜ್ವರ ಬಂತು. ಬರಬಹುದೆಂದು ಮೊದಲೇ ಹೇಳಿ ಪ್ಯಾರಾಸಿಟಮಾಲ್ ಕೊಟ್ಟಿದ್ದೆವು. ಜ್ವರವನ್ನು ಮುಚ್ಚಿಡಬೇಡಿರೆಂದೂ ಕೇಳಿಕೊಂಡಿದ್ದೆ. ಮುಚ್ಚಿಟ್ಟಿದ್ದರೆ ಅದು ಗುಟ್ಟಾಗಿ ಹಬ್ಬಿ ಸಾವಿನ ಸುದ್ದಿಯಾಗಿಯೇ ಹಿಂದಿರುಗುತ್ತಿತ್ತು. ಅವರು ಮರುದಿನ ಹೊರಗಿನ ಕಟ್ಟೆಯ ಮೇಲೆ ಕುಳಿತು, ಕೇಳಿದವರಿಗೆಲ್ಲ ಜ್ವರ ಬಂದದ್ದನ್ನೂ ಇಳಿದದ್ದನ್ನೂ ಹೇಳಿದರು. ಮೂರ್ನಾಲ್ಕು ದಿನ ಊರು ಆ ಹತ್ತು ಮಂದಿಯನ್ನು ಗಮನಿಸಿತು. ಆಮೇಲೆ ಶಾಲೆಯಲ್ಲಿ ಇಟ್ಟ ಶಿಬಿರಕ್ಕೆ ಎರಡೂ ಬಣದವರು ಬಂದರು, ಲಸಿಕೆಯೇ ಸಾಲದೆ ಹೋಯಿತು.

ಆ ದಿನಗಳಲ್ಲಿ ಕೊಪ್ಪಳದ ಗವಿಮಠವು ತನ್ನ ಕಟ್ಟಡವನ್ನೇ ಕೋವಿಡ್ ಆಸ್ಪತ್ರೆಗೆ ಬಿಟ್ಟುಕೊಟ್ಟಿತ್ತು. ಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ, ದವಾಖಾನೆಗೆ ಹೋದವರು ತಿರುಗಿ ಬರುವುದಿಲ್ಲವೆಂಬ ಹೆದರಿಕೆ ಇದರಿಂದ ಎಷ್ಟೋ ಇಳಿಯಿತು. ಆ ವರ್ಷದ ಮೊಹರಂಗೆ ನಾವು ನೋಟಿಸು ಅಂಟಿಸುವ ಮೊದಲೇ ಮುತವಲ್ಲಿ, ಗೌಡರು, ಅಧ್ಯಕ್ಷರು ಕೂಡಿ ಮಾತಾಡಿ, ದೇವರನ್ನು ಕೂಡಿಸುವುದು, ಮೆರವಣಿಗೆ ಮಾಡದಿರುವುದು ಎಂದು ತೀರ್ಮಾನಿಸಿದರು. ಹರಕೆ ಹೊತ್ತವರು ಒಬ್ಬೊಬ್ಬರಾಗಿ ಬಂದು ಸಕ್ಕರೆ ಓದಿಸಿಕೊಂಡು ಹೋದರು.

ಲಂಬಾಣಿಗರ ವಸತಿಯಾದ ತಾಂಡಾಕ್ಕೆ ಬೇರೆಯೇ ದಾರಿ ಬೇಕೆಂದು ಮೊದಲಿನಿಂದ ನನಗೆ ಗೊತ್ತಿತ್ತು, ಏಕೆಂದರೆ ಅಲ್ಲಿ ತಾಂಡಾದ ಮುಖ್ಯಸ್ಥರಾದ ನಾಯಕ, ಡಾವ, ಕಾರಭಾರಿಗಳ ಮಾತು ನಡೆಯುತ್ತದೆಯೇ ಹೊರತು ಅಗಸಿ ಕಟ್ಟೆಯಲ್ಲಿ ನಡೆದದ್ದು ಲೆಕ್ಕಕ್ಕೆ ಬರುವುದಿಲ್ಲ. ಹಗಲು ಶಿಬಿರ ಇಟ್ಟರೆ ಎಲ್ಲರೂ ಹೊಲದಲ್ಲಿರುತ್ತಿದ್ದರು. ಆರೋಗ್ಯ ಇಲಾಖೆಯವರನ್ನು ಕೇಳಿಕೊಂಡು, ದೀಪ ಹಚ್ಚುವ ಹೊತ್ತಿಗೆ ಸೇವಾಲಾಲ್ ಗುಡಿಯ ಮುಂದೆ ಸೂಜಿ ಹಾಕುವ ವ್ಯವಸ್ಥೆ ಮಾಡಿದೆವು. ಕಾರಭಾರಿಯವರು ಮೊದಲು ಕುಳಿತು, ತಮ್ಮ ಹೆಂಡತಿಯನ್ನೂ ತಾಯಿಯನ್ನೂ ಕರೆಸಿ ಹಾಕಿಸಿದರು, ಆಮೇಲೆ ಲಂಬಾಣಿಯಲ್ಲಿ ಒಂದೊಂದು ಮನೆಯ ಹೆಸರು ಕೂಗಿ ಕರೆದರು. ಬರದಿದ್ದ ಮನೆಗಳ ಪಟ್ಟಿಯನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಮುಂದಿನ ಸಲ ನಾವು ಹೋಗುವಷ್ಟರಲ್ಲಿ ಆ ಪಟ್ಟಿಯಲ್ಲಿ ಉಳಿದಿದ್ದವರು ಗುಳೆಯಿಂದ ಇನ್ನೂ ಬಾರದ ಕುಟುಂಬಗಳು ಮತ್ತು ಏನು ಹೇಳಿದರೂ ಒಪ್ಪದ ಒಬ್ಬ ಅಜ್ಜ ಮಾತ್ರ.