ಡಿಂಗಿ ಎಳೆಯುವಾಗ, ರಾತ್ರಿ ಎತ್ತಿಡುವಾಗ

ಕೆರಿಬಿಯನ್ ಕಡೆ ಹಾಯಿದೋಣಿಯಲ್ಲಿ ಹೊರಟವರಿಗೆ ಒಂದೆರಡು ಮಾತು. ಡಿಂಗಿಯನ್ನು, ಅಂದರೆ ದಡಕ್ಕೆ ಹೋಗಿಬರಲು ದೊಡ್ಡ ದೋಣಿಯ ಹಿಂದೆ ಕಟ್ಟಿಕೊಳ್ಳುವ ಪುಟ್ಟ ದೋಣಿಯನ್ನು, ಎಳೆಯಲು ತೇಲುವ ಪಾಲಿಪ್ರೊಪಿಲೀನ್ ಹಗ್ಗವನ್ನೇ ಬಳಸಿ. ನೈಲಾನ್ ಮುಳುಗುತ್ತದೆ. ಒಮ್ಮೆ ಲಂಗರು ಹಾಕಲು ರಿವರ್ಸ್ ಹಾಕಿದಾಗ ಸಡಿಲ ಬಿದ್ದಿದ್ದ ನೈಲಾನ್ ಹಗ್ಗ ಪ್ರೊಪೆಲ್ಲರ್‌ಗೆ ಸುತ್ತಿಕೊಂಡು ಎಂಜಿನ್ ಗಕ್ಕನೆ ನಿಂತಿತು. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಹಿಡಿದು ನೀರಿಗಿಳಿದೆ. ಬಿಡಿಸಲು ಅರ್ಧ ಗಂಟೆ! ತೇಲುವ ಹಗ್ಗವಾದರೂ ರಿವರ್ಸ್‌ಗೆ ಮುಂಚೆ ಎಳೆದು ಗಿಡ್ಡ ಮಾಡಿಕೊಳ್ಳಿ.

ಎಳೆಯುವ ಮುಂಚೆ ಡಿಂಗಿಯ ಹಿಂಬದಿಗೆ ಸಿಕ್ಕಿಸಿದ ಔಟ್‌ಬೋರ್ಡ್ ಮೋಟಾರ್ ಬಿಚ್ಚಿ ದೊಡ್ಡ ದೋಣಿಯ ಹಿಂಬದಿ ಕಂಬಿಗೆ ಸಿಕ್ಕಿಸಿ. ಡಿಂಗಿ ಮಗುಚಿದರೆ ಮೋಟಾರ್ ಕಥೆ ಮುಗಿದಂತೆ. ಗಾಳಿ ಜೋರಿದ್ದರೆ, ದೂರದ ದಾರಿಯಾದರೆ ಎಳೆಯಲೇಬೇಡಿ. ಡೆಕ್ ಮೇಲೆ ಮಗುಚಿ ಕಟ್ಟಿಬಿಡಿ.

ರಾತ್ರಿ ನೀರಲ್ಲಿ ಬಿಡಬೇಡಿ, ಕಳ್ಳರ ಕಾಟ ಉಂಟು. ಡಿಂಗಿಯ ಮೂತಿಗೆ ಒಂದು, ಹಿಂದಿನ ಎರಡು ಮೂಲೆಗೆ ಒಂದೊಂದು ಹಗ್ಗ ಕಟ್ಟಿ, ಮೂರನ್ನೂ ಒಂದು ಬಳೆಗೆ ಸೇರಿಸಿ. ಬಳೆಗೆ ಖಾಲಿ ಇರುವ ಹ್ಯಾಲ್ಯಾರ್ಡ್ (ಹಾಯಿ ಮೇಲೆತ್ತುವ ಹಗ್ಗ) ಸಿಕ್ಕಿಸಿ ವಿಂಚ್ (ಹಗ್ಗ ಸುತ್ತಿ ಎಳೆಯುವ ರಾಟೆ) ತಿರುಗಿಸಿದರೆ ಡಿಂಗಿ ಮಟ್ಟಸವಾಗಿ ಮೇಲೇಳುತ್ತದೆ. ಮೂತಿ ಮೇಲಾದರೆ ಆ ಹಗ್ಗವನ್ನು ಸ್ವಲ್ಪ ಉದ್ದ ಮಾಡಿ. ದೊಡ್ಡ ದೋಣಿಯ ಪಕ್ಕಕ್ಕೆ ಫೆಂಡರ್ (ಗಾಳಿ ತುಂಬಿದ ರಬ್ಬರ್ ದಿಂಬು) ಇಳಿಬಿಡಿ, ಇಲ್ಲದಿದ್ದರೆ ರಾತ್ರಿಯಿಡೀ ಢಬ್ ಢಬ್.

ಮೇಲೇರಿದ ಮೇಲೆ ಮಳೆನೀರು ಹರಿದುಹೋಗಲು ಡಿಂಗಿಯ ತಳದ ತೂತಿನ ಬಿರಡೆ ತೆಗೆದಿಡಿ. ಮಳೆ ಬಂದು 200 ಲೀಟರ್ ನಿಂತರೆ 200 ಕಿಲೋ ಭಾರ, ಹಗ್ಗ ತಡೆಯದೇ ಹೋಗಬಹುದು. ಬಿರಡೆಯನ್ನು ಮೋಟಾರಿನ ಕೀ ಜೊತೆ ಕಟ್ಟಿಡಿ. ಬೆಳಿಗ್ಗೆ ಅದನ್ನು ಹಾಕದೆ ಇಳಿಸಿ, ಕಾಲಡಿ ನೀರು ಬಂದಾಗ ನೆನಪಾಗುವುದು ನನಗೊಬ್ಬನಿಗೇ ಅಲ್ಲ, ಅಲ್ವಾ?