ಕೃಷಿ ಸಂಘಕ್ಕೆ ಹಣ ಬೇಕೇ? ಮಿರಗದಿಂದ ಹಿಂದಕ್ಕೆ ದಿನ ಎಣಿಸಿ

ಕಾಲೇಜಿನ ಕೃಷಿ ಸಂಘಕ್ಕೆ ಸಣ್ಣ ಸಣ್ಣ ಖರ್ಚು ತಪ್ಪಿದ್ದಲ್ಲ. ಸರ್ಕಾರಿ ಶಾಲೆಯಲ್ಲಿ ಕೈತೋಟ ಮಾಡಿಸಬೇಕು ಅಂದರೆ ಸಲಿಕೆ, ಪೈಪು ಬೇಕು. ಒಳ್ಳೆಯ ರೈತರೊಬ್ಬರ ಹೊಲ ನೋಡಿ ಬರಬೇಕು ಅಂದರೆ ಗಾಡಿ ಬಾಡಿಗೆ ಬೇಕು. ಆಗ ಎಲ್ಲರಿಗೂ ಮೊದಲು ನೆನಪಾಗುವುದು ಪಟ್ಟಿ, ಅಂದರೆ ಚಂದಾ ಎತ್ತುವುದು. ಓದುವಾಗ ನಾವೂ ಪಟ್ಟಿ ಹಿಡಿದು ಅಂಗಡಿ ಅಂಗಡಿ ತಿರುಗಿದೆವು. ಮೊದಲ ವರ್ಷ ಕೊಟ್ಟರು. ಎರಡನೇ ವರ್ಷ ‘ನಾಳೆ ಬರ್ರಿ’ ಅಂದರು. ಅವರದೇನೂ ತಪ್ಪಿಲ್ಲ. ಕೃಷಿ ಓದುವ ಹುಡುಗರ ಕೈಯಲ್ಲಿ ಬೆಳೆಯುವ ವಿದ್ಯೆ ಇದೆ. ಅದನ್ನು ಬಿಟ್ಟು ಸುಮ್ನೆ ಕೈ ಚಾಚಿದರೆ ಯಾರು ಎಷ್ಟು ಸಲ ಕೊಡುತ್ತಾರೆ?

ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಯಾವ ದಿನ ಏನು ಬೇಕಾಗುತ್ತದೆ ಅಂತ ಮೊದಲು ನೋಡಿ. ಅದನ್ನು ಮಾರಲು ಆ ದಿನದಿಂದ ಹಿಂದಕ್ಕೆ ಎಣಿಸಿ ಕೆಲಸ ಶುರು ಮಾಡಿ. ಗದಗ, ಹಾವೇರಿಯಲ್ಲಿ ಓದುವವರಿಗೂ ಇದೇ ಲೆಕ್ಕ ನಡೆಯುತ್ತದೆ.

ಮೊದಲು ಮೊತ್ತ ಬರೆಯಿರಿ

ಯಾತಕ್ಕೆ, ಎಷ್ಟು ಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ‘ಸಂಘದ ಚಟುವಟಿಕೆಗೆ’ ಅಂತ ಬರೆದರೆ ಸಾಲದು. ‘ಒಂದು ಶಾಲೆಯ ಕೈತೋಟಕ್ಕೆ ಪೈಪು ಮತ್ತು ಬೇಲಿ’ ಅಂತ ಬರೆಯಿರಿ. ಮಾರುವಾಗ ಜನ ಕೇಳುವ ಮೊದಲ ಪ್ರಶ್ನೆಯೇ ಇದು.

ಮಿರಗಕ್ಕೆ ಸಸಿ

ಜೂನ್ 7-8ರ ಸುಮಾರಿಗೆ ಮಿರಗ, ಅಂದರೆ ಮೃಗಶಿರಾ ಮಳೆ ಕೂಡುತ್ತದೆ. ನಾಲ್ಕು ಹನಿ ಬಿದ್ದ ಕೂಡಲೇ ಹಿತ್ತಲು ಇರುವವರು, ತಾರಸಿಯಲ್ಲಿ ಕುಂಡ ಇಟ್ಟವರು ಎಲ್ಲರೂ ಸಸಿ ಹುಡುಕುತ್ತಾರೆ. ಆ ವಾರ ನಿಮ್ಮ ಟ್ರೇ ತಯಾರಿರಬೇಕು.

ಮೆಣಸಿನಕಾಯಿ ಸಸಿಗೆ 35ರಿಂದ 40 ದಿನ ಬೇಕು. ಬದನೆಗೆ 30-35 ದಿನ, ಟೊಮೆಟೊಗೆ ಸುಮಾರು 25 ದಿನ. ಅಂದರೆ ಮೆಣಸಿನ ಬೀಜವನ್ನು ಏಪ್ರಿಲ್ ಕೊನೆಯ ವಾರ, ಬದನೆಯನ್ನು ಮೇ ಮೊದಲ ವಾರ, ಟೊಮೆಟೊವನ್ನು ಮೇ ಎರಡನೇ ವಾರ ಹಾಕಬೇಕು. ಮೂರನ್ನೂ ಒಂದೇ ದಿನ ಹಾಕಬೇಡಿ. ಟೊಮೆಟೊ ಸಸಿ ಬೇಗ ಉದ್ದವಾಗಿ ಬಾಗುತ್ತದೆ, ಅದನ್ನು ಯಾರೂ ಕೊಳ್ಳುವುದಿಲ್ಲ.

98 ಕುಳಿಯ ಪ್ರೋಟ್ರೇ, ಅಂದರೆ ಸಸಿ ಬೆಳೆಸುವ ಪ್ಲಾಸ್ಟಿಕ್ ಟ್ರೇ ತನ್ನಿ. ಕೊಳೆತು ಹದವಾದ ತೆಂಗಿನ ನಾರಿನ ಪುಡಿಯನ್ನು ತೇವ ಮಾಡಿ ತುಂಬಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟೇ ತೇವ ಸಾಕು. ಬೆರಳ ತುದಿಯಿಂದ ಅರ್ಧ ಸೆಂಟಿಮೀಟರ್ ತಗ್ಗು ಮಾಡಿ ಕುಳಿಗೊಂದು ಬೀಜ ಹಾಕಿ, ಮೇಲೆ ಪುಡಿ ಮುಚ್ಚಿ. ಬಣ್ಣ ಹಚ್ಚಿದ ಬೀಜ ಇದ್ದರೆ ಅದಕ್ಕೆ ಔಷಧ ಸೇರಿಸಿರುತ್ತಾರೆ, ಕೈಗವಸು ಹಾಕಿಕೊಳ್ಳಿ. ಟ್ರೇಗಳನ್ನು ಒಂದರ ಮೇಲೊಂದು ಇಟ್ಟು ಪ್ಲಾಸ್ಟಿಕ್ ಹಾಳೆ ಹೊದಿಸಿ. ದಿನಾ ತೆಗೆದು ನೋಡಿ. ಮೊಳಕೆ ತಲೆ ಎತ್ತಿದ ದಿನವೇ ಬಿಡಿಸಿ ನೆರಳು ಪರದೆಯ ಕೆಳಗೆ ಹರಡಿ. ಒಂದು ದಿನ ತಡವಾದರೂ ಬಿಳಿಚಿಕೊಂಡು ಸೊರಗುತ್ತವೆ. ಸುತ್ತ ಸಣ್ಣ ಕಣ್ಣಿನ ಕೀಟ ಪರದೆ ಕಟ್ಟಿ. ಕೀಟ ತಾಗಿ ಎಲೆ ಮುಟುರಿದ ಮೆಣಸಿನ ಸಸಿ ಮಾರಿದರೆ ಆ ಮನೆಯವರು ಮುಂದಿನ ವರ್ಷ ನಿಮ್ಮ ಹತ್ತಿರ ಬರುವುದಿಲ್ಲ.

ಮಾರುವ ನಾಲ್ಕೈದು ದಿನ ಮೊದಲು ನೀರು ಕಡಿಮೆ ಮಾಡಿ, ಸ್ವಲ್ಪ ಬಿಸಿಲು ತೋರಿಸಿ. ಸಸಿ ಗಟ್ಟಿಯಾಗುತ್ತದೆ.

ಇಷ್ಟೆಲ್ಲ ತರಗತಿಯಲ್ಲಿ ಕಲಿತದ್ದೇ. ಸೋಲುವುದು ಬೇರೆ ಕಡೆ. ನಮ್ಮ ಮೊದಲ ವರ್ಷದ ಸಸಿ ಸತ್ತದ್ದು ರೋಗದಿಂದಲ್ಲ. ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೋದೆವು. ಇವನು ಹಾಕುತ್ತಾನೆ ಅಂತ ಅವನು, ಅವನು ಹಾಕುತ್ತಾನೆ ಅಂತ ಇವನು. ಎರಡು ದಿನ ನೀರಿಲ್ಲದೆ ಹತ್ತು ಟ್ರೇ ಒಣಗಿದವು. ಆ ಟ್ರೇಗಳನ್ನು ಕೊಡವಿದ ದಿನ ಇನ್ನೂ ನೆನಪಿದೆ. ಅದಕ್ಕೇ ಹೇಳುತ್ತೇನೆ, ಬೀಜ ಕೊಳ್ಳುವ ಮೊದಲು ನೀರಿನ ಪಾಳಿ ಬರೆಯಿರಿ. ದಿನಕ್ಕೆ ಇಬ್ಬರ ಹೆಸರು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ರಜೆಯಲ್ಲಿ ಊರಲ್ಲೇ ಉಳಿಯುವವರು ನಾಲ್ವರಾದರೂ ಇಲ್ಲದಿದ್ದರೆ ಈ ಕೆಲಸ ಹಿಡಿಯಬೇಡಿ. ಬೇಸಿಗೆಯಲ್ಲಿ ನಲ್ಲಿ ನಂಬಿ ಕೂರುವುದೂ ಬೇಡ, ಒಂದು ಡ್ರಮ್ ಸದಾ ತುಂಬಿರಲಿ.

ಈಗ ಲೆಕ್ಕ. ಹತ್ತು ಟ್ರೇ ಅಂದರೆ 980 ಕುಳಿ. ಐದರಲ್ಲಿ ಒಂದು ಹೋಯಿತು ಅಂದುಕೊಂಡರೂ ಸುಮಾರು 780 ಸಸಿ ಉಳಿಯುತ್ತವೆ. ಆರು ಸಸಿಯ ಕಟ್ಟು ಮಾಡಿ 20 ರೂಪಾಯಿಗೆ ಮಾರಿದರೆ 130 ಕಟ್ಟಿಗೆ 2,600 ರೂಪಾಯಿ. ಟ್ರೇ, ನಾರಿನ ಪುಡಿ, ಬೀಜದ ಖರ್ಚನ್ನು ನಿಮ್ಮ ಊರಿನ ಅಂಗಡಿಯಲ್ಲಿ ಕೇಳಿ ಇದರಲ್ಲಿ ಕಳೆಯಿರಿ. ಮೊದಲ ವರ್ಷ ಜಾಸ್ತಿ ಉಳಿಯುವುದಿಲ್ಲ. ಟ್ರೇ ಜೋಪಾನ ಮಾಡಿದರೆ ಎರಡನೇ ವರ್ಷ ಆ ಖರ್ಚು ಇಲ್ಲ.

ಮಾರಲು ಬೆಳಗಿನ ವಾಯುವಿಹಾರದ ಜಾಗ ಒಳ್ಳೆಯದು. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆ, ಧಾರವಾಡದಲ್ಲಿ ಕೆಲಗೇರಿ ಕೆರೆ, ಗದಗದಲ್ಲಿ ಭೀಷ್ಮ ಕೆರೆ. ಮೊದಲೇ ಅನುಮತಿ ಕೇಳಿ. ಸಸಿಯನ್ನು ಹಳೆ ಪೇಪರ್‌ನಲ್ಲಿ ಸುತ್ತಿ ತಳಿಯ ಹೆಸರು, ಬಿತ್ತಿದ ದಿನ ಬರೆದ ಚೀಟಿ ಅಂಟಿಸಿ. ಕೊಳ್ಳುವವರು ‘ಎಷ್ಟು ದಿನಕ್ಕೆ ಕಾಯಿ ಬಿಡತದ?’ ಅಂತ ಕೇಳಿಯೇ ಕೇಳುತ್ತಾರೆ. ಉತ್ತರ ಗೊತ್ತಿರುವವರೇ ಮುಂದೆ ನಿಲ್ಲಲಿ.

ಒಂದು ಎಚ್ಚರಿಕೆ. ಬೀಜವನ್ನೇ ಪೊಟ್ಟಣ ಕಟ್ಟಿ ಮಾರಬೇಡಿ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಅದಕ್ಕೆ ಪರವಾನಗಿ ಬೇಕು. ಸಸಿ ಮಾರಲು ಏನು ಬೇಕು ಅಂತಲೂ ಮೊದಲೇ ಇಲಾಖೆಯಲ್ಲಿ ಕೇಳಿ. ಎರೆಗೊಬ್ಬರವನ್ನು ಚೀಲ ಹೊಲಿದು ಮಾರುವುದಕ್ಕೂ ನಿಯಮಗಳಿವೆ, ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. ಹೂ ಬಿಡುವ ಮೊದಲೇ ಕಿತ್ತ ಕಾಂಗ್ರೆಸ್ ಕಸ (ಪಾರ್ಥೇನಿಯಂ), ಹಳೆ ಸಗಣಿ ಹಾಕಿ ಎರೆಗೊಬ್ಬರ ಮಾಡಿದ್ದರೆ ನಿಮ್ಮ ಕುಂಡದ ಗಿಡಗಳಿಗೇ ಬಳಸಿ. ಹಾಗೆ ಬೆಳೆಸಿದ ಕರಿಬೇವಿನ ಕುಂಡಕ್ಕೆ ಒಳ್ಳೆಯ ಬೆಲೆ ಸಿಗುತ್ತದೆ.

ಮಣ್ಣೆತ್ತಿನ ಅಮವಾಸ್ಯೆಗೆ ಮಕ್ಕಳ ಕಮ್ಮಟ

ಕಾರಹುಣ್ಣಿಮೆಯಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮವಾಸ್ಯೆ. ಮನೆಮನೆಯಲ್ಲಿ ಎರೆಮಣ್ಣಿನ ಜೋಡೆತ್ತು, ಗೋದಲಿ (ಮೇವಿನ ತೊಟ್ಟಿ) ಇಟ್ಟು ಪೂಜೆ. ಎತ್ತು ಮಾಡಿ ಮಾರೋಣ ಅಂತ ಯಾರಾದರೂ ಹೇಳುತ್ತಾರೆ. ದಯವಿಟ್ಟು ಬೇಡ. ಅದು ಕುಂಬಾರರ ದುಡಿಮೆ, ವರ್ಷಕ್ಕೊಮ್ಮೆ ಬರುವ ಅವರ ವ್ಯಾಪಾರಕ್ಕೆ ನಾವು ಅಡ್ಡ ಬರಬಾರದು. ಅದರ ಬದಲು ಹಿಂದಿನ ಭಾನುವಾರ ಮಕ್ಕಳಿಗೆ ಎತ್ತು ಮಾಡಲು ಕಲಿಸುವ ಕಮ್ಮಟ ಇಡಿ. ಕುಂಬಾರರೊಬ್ಬರನ್ನು ಕರೆಯಿರಿ. ಅವರ ದಿನದ ಸಂಭಾವನೆ, ಮಣ್ಣಿನ ದುಡ್ಡು ಮೊದಲು ಕೊಡಿ. ಒಂದು ಮಗುವಿಗೆ 50 ರೂಪಾಯಿಯಂತೆ 40 ಮಕ್ಕಳು ಬಂದರೆ 2,000 ರೂಪಾಯಿ ಸೇರುತ್ತದೆ. ಕುಂಬಾರರ ಪಾಲು ಹೋಗಿ ಉಳಿದದ್ದು ಸಂಘಕ್ಕೆ. ಮಣ್ಣನ್ನು ಹಿಂದಿನ ದಿನವೇ ಜರಡಿ ಹಿಡಿದು ನೆನೆಸಿಡಿ, ಕಲ್ಲು ಇದ್ದರೆ ಮಕ್ಕಳ ಕೈಗೆ ಚುಚ್ಚುತ್ತದೆ.

ನಮ್ಮ ಕಡೆ ಮಕ್ಕಳು ಮಣ್ಣೆತ್ತು ಹಿಡಿದು ಮನೆಮನೆಗೆ ಹೋಗಿ ಜೋಳ ಕೇಳಿ, ಬಂದದ್ದರಲ್ಲಿ ಒಟ್ಟಿಗೆ ಅಡುಗೆ ಮಾಡಿ ಉಣ್ಣುವ ರೂಢಿ ಇತ್ತಲ್ವಾ? ಕಮ್ಮಟದ ಸಂಜೆ ಆ ಕತೆಯನ್ನು ಮಕ್ಕಳಿಗೆ ಹೇಳಿ.

ವರ್ಷದ ಖಾರಕ್ಕೆ ಮುಂಗಡ

ಮಾರ್ಚ್-ಏಪ್ರಿಲ್‌ನಲ್ಲಿ ಮನೆಗಳು ವರ್ಷದ ಖಾರ ಕುಟ್ಟಿಸುತ್ತವೆ. ಸಂಘಕ್ಕೆ ಬಂಡವಾಳವೇ ಇಲ್ಲದಿದ್ದರೆ ಇಲ್ಲಿಂದ ಶುರು ಮಾಡಿ. ಫೆಬ್ರವರಿಯಲ್ಲಿ ಪ್ರಾಧ್ಯಾಪಕರ ಮನೆ, ಪರಿಚಯದವರ ಓಣಿಗೆ ಹೋಗಿ ಮುಂಗಡ ಬರೆದುಕೊಳ್ಳಿ. ಅರ್ಧ ಹಣ ಆಗಲೇ ತೆಗೆದುಕೊಳ್ಳಿ. ಆಮೇಲೆ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಪರಿಚಿತ ರೈತರ ಹತ್ತಿರ ಹೋಗಿ. ನಿಮ್ಮ ಸಹಪಾಠಿಗಳಲ್ಲೇ ಕುಂದಗೋಳ ಕಡೆಯವರೋ ಹಾವೇರಿ ಕಡೆಯವರೋ ಇದ್ದೇ ಇರುತ್ತಾರೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಇದರಲ್ಲಿ ಎರಡು ಬಗೆ: ಡಬ್ಬಿ ಗಿಡ್ಡಗೆ ದಪ್ಪ, ಕಡ್ಡಿ ಉದ್ದಕ್ಕೆ ತೆಳ್ಳಗೆ. ಯಾವುದು ಬೇಕು ಅಂತ ಮುಂಗಡದ ಪುಸ್ತಕದಲ್ಲೇ ಬರೆಯಿರಿ. ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಒಳಗೆ ಬೀಜದ ಸದ್ದು ಬರಬೇಕು. ಮೆತ್ತಗಿದ್ದರೆ ತೇವ ಇದೆ ಎಂದರ್ಥ. ಅದು ಬೂಸ್ಟು ಹಿಡಿಯುತ್ತದೆ, ಕೊಳ್ಳಬೇಡಿ.

ರೈತರಿಗೆ ಅಂದಿನ ಮಾರುಕಟ್ಟೆ ಬೆಲೆಗಿಂತ ಒಂದು ರೂಪಾಯಿ ಕೂಡ ಕಡಿಮೆ ಕೊಡಬಾರದು. 25 ಮನೆಗೆ ತಲಾ 2 ಕೆ.ಜಿ. ಅಂದರೆ 50 ಕೆ.ಜಿ. ಕಿಲೋಗೆ 20 ರೂಪಾಯಿ ಸಂಘದ ಪಾಲು ಇಟ್ಟರೆ ಸಾವಿರ ರೂಪಾಯಿ. ರೈತರಿಗೆ ಕೊಟ್ಟದ್ದೆಷ್ಟು, ಸಾಗಣೆ ಎಷ್ಟು, ಸಂಘಕ್ಕೆ ಎಷ್ಟು ಅಂತ ಮೂರು ಸಾಲು ಬರೆದ ಚೀಟಿಯನ್ನು ಚೀಲದೊಳಗೆ ಹಾಕಿ. ಬಿಳಿಜೋಳಕ್ಕೂ ಇದೇ ದಾರಿ.

ಉಂಡಿ, ರೊಟ್ಟಿ-ಚಟ್ನಿ ಮಾರುವ ಆಲೋಚನೆಯೂ ಬರುತ್ತದೆ. ತಿಂಡಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಅದಿರುವ ಸ್ವಸಹಾಯ ಸಂಘದ ಮಹಿಳೆಯರಿಂದ ತಂದು, ಕೃಷಿ ಮೇಳದ ಹೊತ್ತಿಗೆ ಒಂದು ಮೇಜು ಹಾಕಬಹುದು. ಮಾರುವ ನಿಮಗೂ ನೋಂದಣಿ ಬೇಕೇ ಅಂತ ಮೊದಲೇ ಕೇಳಿಕೊಳ್ಳಿ.

ದುಡ್ಡು ಎಲ್ಲಿ ಸೇರುತ್ತದೆ?

ಫೋನಿನಿಂದ ಹಣ ಹಾಕಿಸಿಕೊಳ್ಳುವ ಕ್ಯೂಆರ್ ಚೀಟಿ ಕಾರ್ಯದರ್ಶಿಯ ಸ್ವಂತ ಖಾತೆಯದ್ದಾಗಿರಬಾರದು. ಎಷ್ಟು ಪ್ರಾಮಾಣಿಕ ಹುಡುಗನಾದರೂ ಮೂರು ತಿಂಗಳ ಮೇಲೆ ಯಾವುದು ಅಪ್ಪ ಕಳಿಸಿದ್ದು, ಯಾವುದು ಸಸಿಯದ್ದು ಅಂತ ಹೇಳಲಾರ. ಅಲ್ಲಿಂದ ಮಾತು ಬೆಳೆದು ಸ್ನೇಹಿತರು ದೂರವಾದದ್ದನ್ನು ನೋಡಿದ್ದೇನೆ. ಕಾಲೇಜಿನ ಅನುಮತಿ ಪಡೆದು ಸಂಘದ ಹೆಸರಲ್ಲೇ ಖಾತೆ ತೆರೆಯಿರಿ. ಮಾರ್ಗದರ್ಶಕ ಪ್ರಾಧ್ಯಾಪಕರು, ಒಬ್ಬ ವಿದ್ಯಾರ್ಥಿ, ಇಬ್ಬರ ಸಹಿಯೂ ಬೇಕು. ನಗದು ಬಂದರೆ ಅಂದೇ ರಸೀದಿ, ಮರುದಿನವೇ ಬ್ಯಾಂಕು. ಪ್ರತಿ ತಿಂಗಳ ಜಮಾ-ಖರ್ಚನ್ನು ಹಾಸ್ಟೆಲ್ ಸೂಚನಾ ಫಲಕಕ್ಕೆ ಅಂಟಿಸಿ.

ಅಂತಿಮ ವರ್ಷದವರು ರಾವೆ, ಅಂದರೆ ಗ್ರಾಮೀಣ ಕೃಷಿ ಕಾರ್ಯಾನುಭವ ಕಾರ್ಯಕ್ರಮಕ್ಕೆ ಹಳ್ಳಿಗೆ ಹೋಗಿಬಿಡುತ್ತಾರೆ. ಆದ್ದರಿಂದ ಪುಸ್ತಕ ಎರಡನೇ, ಮೂರನೇ ವರ್ಷದವರ ಕೈಯಲ್ಲಿರಲಿ. ವರ್ಷದ ಕೊನೆಗೆ ಮುಂದಿನ ಏಪ್ರಿಲ್‌ನ ಬೀಜ, ನಾರಿನ ಪುಡಿಯ ಹಣವನ್ನು ಖಾತೆಯಲ್ಲೇ ಬಿಡಿ. ಹೊಸಬರಿಗೆ ತೊಳೆದು ಜೋಡಿಸಿದ ಟ್ರೇಗಳನ್ನು ಒಪ್ಪಿಸಿ, ಜೊತೆಗೆ ಸಸಿ ಕೊಂಡ ಮನೆಗಳ ಪಟ್ಟಿಯನ್ನೂ ಕೊಡಿ.